ಕಟ್ಟೆಯ ದನಿ, ಪೇಟೆಯ ಕಿವಿ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಹೋದವರು ಜಾತಕ ಕೇಳುವ ಮುಂಚೆ ಕಿವಿ ಕೇಳುತ್ತಾರೆ. "ಹುಡುಗೀದು ಯಾವ ಕಿವಿ?" ಎಂದರೆ, ಕೂಸಾಗಿದ್ದಾಗ ಅವಳಿಗೆ ಕಿವಿ ಚುಚ್ಚಿದ ಹೊತ್ತಿನಲ್ಲಿ ಪಕ್ಕದಲ್ಲಿ ಯಾವ ರೇಡಿಯೋ ಕೇಂದ್ರ ಹಾಡುತ್ತಿತ್ತು ಎಂದು ಅರ್ಥ. ಅಕ್ಕಸಾಲಿಯ ಸೂಜಿ ಒಳಗೆ ಹೋಗುವಾಗ ಯಾವುದು ಹಾಡುತ್ತಿತ್ತೋ ಅದೊಂದೇ ಕೇಂದ್ರ ಆ ಜೀವಕ್ಕೆ ಕೊನೆಯ ತನಕ ಕೇಳುವುದು. ಮಿಕ್ಕ ಕೇಂದ್ರಗಳೆಲ್ಲ ಸಣ್ಣಗೆ ಸುಯ್ ಎನ್ನುತ್ತವೆ, ಅಷ್ಟೇ. ಗಂಡಾಗಲಿ ಹೆಣ್ಣಾಗಲಿ, ಸಾಹುಕಾರನಾಗಲಿ ಕೂಲಿಯವನಾಗಲಿ, ಎಲ್ಲರಿಗೂ ಇದೇ ಕಟ್ಟು. ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ತಲೆ ಕೆಡಿಸಿಕೊಳ್ಳುವುದಕ್ಕೆ ನಮಗೆ ನೀರಿನ ನಲ್ಲಿ, ಮಕ್ಕಳ ಶಾಲೆ, ಬೀಗರ ಮುನಿಸು ಇವೇ ಸಾಕಾಗಿದ್ದವು.

ಒಂದೇ ಕಿವಿಯ ಸಂಬಂಧ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮದುವೆಯೇನೂ ನಿಲ್ಲುವುದಿಲ್ಲ, ಮನೆಗೆ ಎರಡು ರೇಡಿಯೋ ಬೇಕಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲೇ ಹಚ್ಚಿಡಬಹುದು, ಜಗಳವಿಲ್ಲ. ಗಂಡ ಹರಿಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತಿರುವಾಗ ಹೆಂಡತಿ ಯಾವುದೋ ಹಾಸ್ಯಕ್ಕೆ ಬಿದ್ದು ಬಿದ್ದು ನಗುತ್ತಿರುತ್ತಾಳೆ. ಹೊಸದಾಗಿ ಮದುವೆಯಾದವರಿಗೆ ಇದರಿಂದ ಸ್ವಲ್ಪ ದಿನ ಮುನಿಸು ಬರುವುದುಂಟು, ಆಮೇಲೆ ರೂಢಿಯಾಗುತ್ತದೆ. ಕ್ಷೌರದಂಗಡಿಯಲ್ಲಂತೂ ಊರಿನ ಐದೂ ಕೇಂದ್ರಗಳಿಗೆ ಐದು ರೇಡಿಯೋ ಸಾಲಾಗಿ ಕೂರಿಸಿರುತ್ತಾರೆ. ಕತ್ತಿ ಹಿಡಿದವನಿಗೆ ಒಂದು ಹಾಡು, ಕತ್ತು ಕೊಟ್ಟವನಿಗೆ ಇನ್ನೊಂದು.

ಕೇಂದ್ರಗಳ ಪೈಪೋಟಿಯೆಲ್ಲ ತೊಟ್ಟಿಲ ಹತ್ತಿರವೇ ನಡೆಯುತ್ತಿತ್ತು. ದೊಡ್ಡವರ ಕಿವಿಯನ್ನು ಗೆಲ್ಲುವಂತಿಲ್ಲವಲ್ಲ. ಯಾರಿಗಾದರೂ ಹೆರಿಗೆಯಾಯಿತು ಎಂದರೆ ಕೋಟೆ ಬಾನುಲಿಯವರು ಕುಲಾವಿ ಕಳಿಸುತ್ತಿದ್ದರು, ಹೊಸಬಾವಿಯವರು ಬಾಣಂತಿಗೆ ಅಂಟಿನುಂಡೆ ಕಳಿಸುತ್ತಿದ್ದರು. ಎಲ್ಲರಿಗಿಂತ ಜಾಣರು ಪೇಟೆ ಬಾನುಲಿಯವರು. ಅವರು ಬಾಣಂತಿಯರ ತಂಟೆಗೇ ಹೋಗದೆ ಊರಿನ ಅಕ್ಕಸಾಲಿಗಳಿಗೆಲ್ಲ ಒಂದೊಂದು ಹೊಸ ರೇಡಿಯೋ ಹಂಚಿಬಿಟ್ಟರು. ಅದರ ತಿರುಪು ಪೇಟೆ ಕೇಂದ್ರ ಬಿಟ್ಟು ಅತ್ತಿತ್ತ ಅಲುಗುತ್ತಿರಲಿಲ್ಲ. ಅಲ್ಲಿಂದೀಚೆಗೆ ಹುಟ್ಟಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಪೇಟೆ ಕಿವಿಯವೇ. ನಮ್ಮ ಕಟ್ಟೆ ಬಾನುಲಿಗೆ ಉಳಿದದ್ದು ಎರಡು ಬೀದಿಯಷ್ಟು ಹಳೆಯ ಕಿವಿಗಳು.

ನಾನು ಉಮಾಪತಿ. ಕಟ್ಟೆ ಬಾನುಲಿಯಲ್ಲಿ ದಿನಾ ಸಂಜೆ 'ದೀಪದ ಹೊತ್ತು' ಎಂಬ ಕಾರ್ಯಕ್ರಮ ನಡೆಸುವವನು. ಅದರಲ್ಲಿ ಘನಂದಾರಿ ವಿಷಯವೇನೂ ಇರುವುದಿಲ್ಲ. ಯಾರ ಕರು ತಪ್ಪಿಸಿಕೊಂಡಿದೆ, ಯಾರು ಆಸ್ಪತ್ರೆಯಿಂದ ಮನೆಗೆ ಬಂದರು, ನಾಳೆ ಯಾವ ಬೀದಿಗೆ ನೀರು ಬಿಡುತ್ತಾರೆ, ನಡುವೆ ಒಂದೆರಡು ಹಳೆಯ ಹಾಡು. ಆದರೆ ದನಿ ಮಾತ್ರ, ನನ್ನ ಬಾಯಿಂದಲೇ ಹೇಳಬಾರದು, ಚೆನ್ನಾಗಿದೆ ಎಂದು ಕಟ್ಟೆಯ ಬೀದಿಗಳಲ್ಲಿ ಹೆಸರಿದೆ. ಕೇಂದ್ರವಿರುವುದು ದೇವೀರಮ್ಮನವರ ಮನೆಯ ಮಹಡಿಯ ಮೇಲೆ. ಯಜಮಾನರು ನೆಟ್ಟು ಹೋದ ಪ್ರಸಾರದ ಕಂಬವನ್ನು ಆಕೆ ಒಬ್ಬರೇ ಇಷ್ಟು ಕಾಲ ನಡೆಸಿಕೊಂಡು ಬಂದಿದ್ದರು. ನಾನು ಮೈಕಿನ ಮುಂದೆ ಮಾತಾಡುವಾಗ ಅವರು ಪಕ್ಕದಲ್ಲಿ ಮೊರ ಇಟ್ಟುಕೊಂಡು ತರಕಾರಿ ಬಿಡಿಸುತ್ತಿದ್ದರು. ಟಪ್ ಟಪ್ ಎಂದು ಸಿಪ್ಪೆ ಒಡೆಯುವ ಸದ್ದು ಕೇಳಿದರೆ ಅವರೆಕಾಯಿ ಕಾಲ ಬಂತು ಎಂದು ಕಟ್ಟೆಯವರು ಚೀಲ ಹಿಡಿದು ಸಂತೆಗೆ ಹೊರಡುತ್ತಿದ್ದರು.

ನನ್ನದು ಕಟ್ಟೆ ಕಿವಿ, ನನ್ನ ಹೆಂಡತಿ ಸುಭದ್ರೆಯದು ಪೇಟೆ ಕಿವಿ. ಇದೊಂದೇ ನನ್ನ ಸಂಕಟ. ಊರ ಮಧ್ಯದಲ್ಲಿ ಅವಳ ತಂದೆಯಿಂದ ಬಂದ ಹಿಟ್ಟಿನ ಗಿರಣಿಯಿದೆ, ಅವಳೇ ನಡೆಸುತ್ತಾಳೆ. ಅಲ್ಲಿಗೆ ರಾಗಿ ಬೀಸಿಸಲು ಬಂದ ಕಟ್ಟೆಯ ಹೆಂಗಸರು "ಸುಭದ್ರಕ್ಕಾ, ನಿನ್ನೆ ನಿಮ್ಮನೆಯವರು ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತೀನಿ" ಎನ್ನುತ್ತಾರೆ. ಇವಳು ಹೌದಾ ಎಂದು ತಲೆಯಾಡಿಸಿ ಹಿಟ್ಟು ತುಂಬಿಸಿಕೊಡುತ್ತಾಳೆ. ಮದುವೆಯಾಗಿ ಮಗಳ ಮದುವೆಯನ್ನೂ ಮಾಡಿದೆವು, ಈಕೆ ಒಂದು ದಿನವೂ ನನ್ನನ್ನು ರೇಡಿಯೋದಲ್ಲಿ ಕೇಳಿದವಳಲ್ಲ. ಕೇಂದ್ರಕ್ಕೇ ಬಂದು ಕೂರಬಹುದಲ್ಲ ಎನ್ನುತ್ತೀರಿ. ಬಂದಿದ್ದಳು. ಗಾಜಿನ ಆಚೆ ನನ್ನ ಬಾಯಿ ಆಡುವುದು ಕಂಡಿತು, ಈಚೆಯ ಪೆಟ್ಟಿಗೆಯಲ್ಲಿ ಬರೀ ಸುಯ್ ಎಂದು ಕೇಳಿಸಿತು. "ತೊಟ್ಟಿ ಮೀನು ನೋಡ್ದಂಗಾಯ್ತು ಕಣ್ರೀ" ಎಂದು ನಕ್ಕು ಎದ್ದು ಹೋದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನನ್ನು ಛೇಡಿಸುವುದು ಅವಳಿಗೆ ಅಭ್ಯಾಸ. ಅವಳು ನಗುನಗುತ್ತಲೇ ಅನ್ನುತ್ತಿದ್ದಳು, ನನಗೆ ಮಾತ್ರ ಪ್ರತಿಸಲವೂ ಚುರ್ ಎನ್ನುತ್ತಿತ್ತು.

ಬೆರಕೆ ಕಿವಿಯ ಮನೆಗಳಲ್ಲಿ ಒಂದು ಪದ್ಧತಿಯಿದೆ. ರಾತ್ರಿ ಊಟಕ್ಕೆ ಕೂತಾಗ ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ನಾವು ಇದಕ್ಕೆ ಒಪ್ಪಿಸುವುದು ಎನ್ನುತ್ತೇವೆ, ಮಕ್ಕಳು ಪಾಠ ಒಪ್ಪಿಸಿದ ಹಾಗೆ. ಪಾಂಡಿತ್ಯವೇನೂ ಬೇಕಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರಾಯಿತು. ನಾನು ಸಾರನ್ನ ಕಲಸುತ್ತಾ ನನ್ನ ಅವತ್ತಿನ 'ದೀಪದ ಹೊತ್ತು' ಒಪ್ಪಿಸುತ್ತಿದ್ದೆ, ಅವಳು ಮಜ್ಜಿಗೆ ಬಡಿಸುತ್ತಾ ಪೇಟೆಯ ನಾಟಕ, ಸುದ್ದಿ, ಸೋಪಿನ ಜಾಹೀರಾತು ಒಪ್ಪಿಸುತ್ತಿದ್ದಳು. ಅದು ನನಗೆ ಊಟದ ಒಂದು ಭಾಗವಾಗಿತ್ತೇ ಹೊರತು ಅದರಲ್ಲಿ ವಿಶೇಷವೇನೋ ಇದೆ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಹೀಗಿರುವಾಗ ಪೇಟೆ ಬಾನುಲಿಯ ಯಜಮಾನರಾದ ಗುರುಶಾಂತಪ್ಪನವರು ಒಂದು ಮಧ್ಯಾಹ್ನ ದೇವೀರಮ್ಮನವರ ಮಹಡಿ ಹತ್ತಿ ಬಂದರು. ಭಾರಿ ಆಸಾಮಿ. ಮೇಲೆ ಬಂದು ಉಸಿರು ಸುಧಾರಿಸಿಕೊಳ್ಳುವುದಕ್ಕೇ ಒಂದು ಚೊಂಬು ನೀರು ಬೇಕಾಯಿತು. ಹೆಂಡತಿ ತೀರಿಕೊಂಡ ಮೇಲೆ ಅವರು ಯಾರ ಮನೆಗೂ ಹೋಗುವುದು ಕಡಿಮೆ ಎಂದು ಕೇಳಿದ್ದೆ. ಅವರ ಬಗ್ಗೆ ಊರಲ್ಲಿ ಇನ್ನೊಂದು ಮಾತೂ ಇತ್ತು. ಅವರ ತಂದೆ ಪೇಟೆ ಬಾನುಲಿ ಶುರು ಮಾಡುವ ಮುಂಚೆಯೇ ಇವರಿಗೆ ಕಿವಿ ಚುಚ್ಚಿಸಿ ಆಗಿತ್ತಂತೆ, ಅದೂ ಕಟ್ಟೆಯ ಹಾಡಿಗೆ. ಅಂದರೆ ಊರಿನ ಅತಿ ದೊಡ್ಡ ಕೇಂದ್ರದ ಯಜಮಾನರಿಗೆ ಅವರದೇ ಕೇಂದ್ರ ಕೇಳುವುದಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

"ದೇವೀರಮ್ಮನೋರೆ, ಕಟ್ಟೆ ಬಾನುಲಿ ನನಗೆ ಕೊಟ್ಬಿಡಿ" ಎಂದರು ಅವರು, ಸುತ್ತಿ ಬಳಸದೆ. "ಕಂಬ ಇದ್ದಲ್ಲೇ ಇರ್ಲಿ, ನೀವೂ ಇಲ್ಲೇ ಇರಿ. ಎರಡೂ ಕಂಬದಿಂದ ಪೇಟೆ ಕಾರ್ಯಕ್ರಮಾನೇ ಬಿಡೋಣ. ಸಂಜೆ ಹೊತ್ತು ಮಾತ್ರ ಉಮಾಪತಿಯೋರದು. ಅವರು ಬಂದ್ರೇ ನಾನು ಕೊಳ್ಳೋದು. ಅವರ ದನಿ ಬಿಟ್ಟು ಬರೀ ಕಂಬ ತಗೊಂಡು ನಾನೇನ್ ಮಾಡ್ಲಿ?"

ನಮ್ಮಲ್ಲಿ ಒಂದು ಕೇಂದ್ರ ಮಾರಿದರೆ ಅದರ ಕಿವಿಗಳೂ ಅದರ ಜೊತೆಗೇ ಹೋಗುತ್ತವೆ, ತೋಟ ಕೊಟ್ಟರೆ ಬಾವಿಯೂ ಹೋದ ಹಾಗೆ. ದೇವೀರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನನಗೂ ಮೆಟ್ಲು ಹತ್ತಿ ಹತ್ತಿ ಮಂಡಿ ಸವೀತು ಕಣಪ್ಪ. ಹೊಸ ಕೂಸುಗಳ ಕಿವಿ ಒಂದೂ ನಮಗೆ ಬರ್ತಿಲ್ಲ. ಕೊಡೋದೇ ಒಳ್ಳೇದೇನೋ. ಆದ್ರೆ ದನಿ ನಿಂದು, ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ" ಎಂದರು.

ನಾನು ಯೋಚಿಸಿ ಹೇಳುತ್ತೇನೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಗುರುಶಾಂತಪ್ಪನವರು, "ನಿಮ್ಮ ಮನೆಯೋರದು ಪೇಟೆ ಕಿವಿ ಅಲ್ವೇ?" ಎಂದು ಕೇಳಿದರು. ಆ ಮಾತಿನ ಅರ್ಥ ನನ್ನ ತಲೆಗೆ ಹೋಗಲು ಒಂದು ಕ್ಷಣ ಬೇಕಾಯಿತು. ಹೋದದ್ದೇ ತಡ, ಕೂತಲ್ಲಿಂದ ಎದ್ದುಬಿಟ್ಟೆ. ನಾನು ಪೇಟೆಯ ಕಂಬದಿಂದ ಮಾತಾಡಿದರೆ ಸುಭದ್ರೆಗೆ ಕೇಳುತ್ತದೆ! ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಎಲ್ಲ ತಿಳಿದುಹೋಯಿತೆಂದು ಕಾಣುತ್ತದೆ. "ಈಗಲೇ ಹೂಂ ಅನ್ಬೇಡಿ. ಬರೋ ಶುಕ್ರವಾರ ಒಂದು ಸಂಜೆ ಪೇಟೆಗೆ ಬಂದು ಮಾತಾಡಿ. ಅವತ್ತೊಂದು ದಿನ ಪೇಟೆ ಕಾರ್ಯಕ್ರಮಾನ ಎರಡೂ ಕಂಬದಿಂದ ಬಿಡೋಣ, ಎರಡೂ ಕಡೆ ಕೇಳ್ಲಿ. ಆಮೇಲೆ ಹೇಳೋರಂತೆ" ಎಂದು, ಕಂಬಿ ಹಿಡಿದುಕೊಂಡು ನಿಧಾನಕ್ಕೆ ಇಳಿದು ಹೋದರು.

ಮನೆಗೆ ಹೋಗಿ ವಿಷಯ ಹೇಳಿದೆ. ಸುಭದ್ರೆ ಮೊದಲು ನಂಬಲಿಲ್ಲ. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವಳ ಗಂಟಲು ಯಾವಾಗಲೂ ಒಂದು ಮೆಟ್ಟಿಲು ಮೇಲೆಯೇ, ಆದರೆ ಅವತ್ತು ಮೆಲ್ಲಗೆ ಕೇಳಿದಳು. "ನಿಜವಾಗ್ಲೂ ನನಗೆ ಕೇಳುತ್ತಾ?"

"ಕೇಳ್ದೆ ಏನು? ಪೇಟೆ ಕಂಬ, ಪೇಟೆ ಕಿವಿ."

"ಅಯ್ಯೋ, ನನಗ್ಯಾಕೋ ನಾಚ್ಕೆ ಆಗ್ತಿದೆ ಕಣ್ರೀ" ಎಂದು ಸೆರಗಿನಿಂದ ಮುಖದ ಮೇಲಿನ ಹಿಟ್ಟು ಒರೆಸಿಕೊಂಡು ಒಳಗೆ ಹೋದಳು. ಮಗಳ ಮನೆಗೆ ಫೋನು ಮಾಡಿ ಅವಳ ಅತ್ತೆಗೂ ಸುದ್ದಿ ಮುಟ್ಟಿಸಿದ್ದು ನನಗೆ ಆಮೇಲೆ ತಿಳಿಯಿತು. ನನಗೆ ಆ ವಾರವಿಡೀ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಟ್ಟೆ ಹೋದರೆ ಹೋಗಲಿ, ಹೇಗೂ ಹಳೆಯ ಕಿವಿಗಳು, ಅವರಿಗೂ ನನ್ನ ದನಿ ತಪ್ಪುವುದಿಲ್ಲವಲ್ಲ ಎಂದು ನನಗೆ ನಾನೇ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದೆ. ಮನಸ್ಸಿನಲ್ಲಿ ಹೂಂ ಎಂದು ಆಗಲೇ ಹೇಳಿ ಆಗಿತ್ತು.

ಶುಕ್ರವಾರ ಬಂತು. ಪೇಟೆ ಬಾನುಲಿಯ ಕೋಣೆಯಲ್ಲಿ ತಣ್ಣನೆಯ ಗಾಳಿ, ಗೋಡೆಗೆಲ್ಲ ಮೆತ್ತೆ, ಒಂದು ಸೊಳ್ಳೆಯ ಸದ್ದೂ ಇಲ್ಲ. ದೇವೀರಮ್ಮನ ಮೊರವಿಲ್ಲದೆ ನನಗೆ ಬರಿಗಾಲಲ್ಲಿ ಬೀದಿಗೆ ಬಂದ ಹಾಗಾಯಿತು. ಎರಡು ಜಾಹೀರಾತುಗಳ ನಡುವೆ ಕೆಂಪು ದೀಪ ಹತ್ತಿತು. ಸುಭದ್ರೆ ಕೇಳುತ್ತಿದ್ದಾಳೆ ಎಂಬುದು ನೆನಪಿಗೆ ಬಂದದ್ದೇ ನನ್ನ ದನಿಗೆ ಗಂಜಿ ಹಾಕಿದಂತಾಗಿ ನೆಟ್ಟಗೆ ನಿಂತುಬಿಟ್ಟಿತು. "ಕೇಳುಗ ಬಂಧುಗಳೇ, ಹಳೇ ಪೋಸ್ಟಾಫೀಸು ಬೀದಿಯ ವಾಮನಮೂರ್ತಿಯವರ ಕಪ್ಪು ಕೊಡೆಯೊಂದು ಕಳೆದುಹೋಗಿರುತ್ತದೆ. ಸಿಕ್ಕವರು ದಯಮಾಡಿ ತಲುಪಿಸಬೇಕಾಗಿ ವಿನಂತಿ." ಕರು, ನೀರು, ಆಸ್ಪತ್ರೆ ಎಲ್ಲವನ್ನೂ ತಪ್ಪಿಲ್ಲದೆ ಓದಿದೆ. ಎಲ್ಲಿಯೂ ತೊದಲಲಿಲ್ಲ. ಹೊರಗೆ ಬಂದಾಗ ಅಲ್ಲಿನವರೆಲ್ಲ ಭೇಷ್ ಎಂದರು, ನಾನೂ ಭೇಷ್ ಎಂದುಕೊಂಡೇ ಮನೆಯ ಕಡೆ ಹೆಜ್ಜೆ ಹಾಕಿದೆ.

ಸುಭದ್ರೆ ಅವತ್ತು ಗಿರಣಿಯನ್ನು ಬೇಗ ಮುಚ್ಚಿ ಬಂದು ತಲೆಗೆ ಸ್ನಾನ ಮಾಡಿದ್ದಳು. ಮಗಳ ಮದುವೆಗೆ ತೆಗೆದಿದ್ದ ಸೀರೆ ಉಟ್ಟಿದ್ದಳು. ರೇಡಿಯೋದ ಮುಂದೆ ಚಾಪೆ ಹಾಸಿದ್ದು ಇನ್ನೂ ಹಾಗೇ ಇತ್ತು.

"ಹೇಗಿತ್ತು?" ಎಂದೆ.

"ಚೆನ್ನಾಗಿತ್ತು" ಎಂದಳು. "ಎಲೆ ಹಾಕ್ಲಾ?"

ಎಲೆ ಹಾಕಿದಳು. ಹುಳಿ ಬಡಿಸಿದಳು. ನಾನು ಕಲಸಿಕೊಂಡು ಎಂದಿನಂತೆ ಒಪ್ಪಿಸಲು ಬಾಯಿ ತೆರೆದೆ. ಏನು ಒಪ್ಪಿಸುವುದು? ಅವಳು ಎಲ್ಲ ಕೇಳಿದ್ದಳು. ಅವಳೂ ಏನೋ ಹೇಳಲು ಹೋಗಿ ಸುಮ್ಮನಾದಳು. ಪೇಟೆಯ ಕಾರ್ಯಕ್ರಮದ ನಡುವೆಯೇ ನಾನು ಇದ್ದವನು, ನನಗೆ ಗೊತ್ತಿಲ್ಲದ್ದು ಅವಳ ಹತ್ತಿರವೂ ಇರಲಿಲ್ಲ. ನಾನು ಅನ್ನ ತಿಂದೆ, ಅವಳು ಅನ್ನ ತಿಂದಳು. ಹಪ್ಪಳ ಮುರಿಯುವ ಸದ್ದು ಇಷ್ಟು ಜೋರಾಗಿರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅಷ್ಟು ವರ್ಷದ ಸಂಸಾರದಲ್ಲಿ ನಾವು ಜಗಳವಾಡಿದ ದಿನಗಳಲ್ಲೂ, ಮೂತಿ ಊದಿಸಿಕೊಂಡೇ ಆದರೂ, ಒಪ್ಪಿಸುವುದನ್ನು ಬಿಟ್ಟವರಲ್ಲ. ನನಗೆ ಯಾಕೋ ಭಯವಾಯಿತು.

ಮಜ್ಜಿಗೆಯ ಹೊತ್ತಿಗೆ ಅವಳೇ ಬಾಯಿ ತೆರೆದಳು. "ಅಲ್ಲ, ಆ ಕೊಡೆ ವಿಷ್ಯ ಅಷ್ಟೇನಾ?"

"ಅಷ್ಟೇ. ಕಳ್ದೋಗಿದೆ, ಸಿಕ್ಕಿದ್ರೆ ಕೊಡಿ ಅಂತ."

"ಅದ್ಹೇಗ್ರೀ ಕಳ್ಕೊಂಡ್ರು? ಮಳೆ ಬಂದು ತಿಂಗಳಾಯ್ತು."

"ಓ, ಅದಾ" ಎಂದು ನಾನು ಎಡಗೈಯನ್ನು ನೆಲಕ್ಕೆ ಊರಿ ಸರಿಯಾಗಿ ಕೂತೆ. "ವಾಮನಮೂರ್ತಿಗೆ ಸಾಲ ಕೊಟ್ಟ ಭೈರಪ್ಪ ಇದಾನಲ್ಲ, ಅವನು ಎದುರಿಗೆ ಬಂದಾಗೆಲ್ಲ ಇವನು ಕೊಡೆ ಬಿಚ್ಚಿ ಮುಖ ಮುಚ್ಕೊಳ್ತಾನಂತೆ. ಬಿಸಿಲಿರ್ಲಿ, ಮೋಡ ಇರ್ಲಿ. ಮೊನ್ನೆ ಹಾಗೇ ಕೊಡೆ ಅಡ್ಡ ಹಿಡ್ಕೊಂಡು ಓಡೋಗಿ ಯಾವ್ದೋ ಅಂಗಡಿಗೆ ನುಗ್ಗಿ ಬಾಗಿಲು ಹಾಕ್ಕೊಂಡಿದಾನೆ. ತಿರುಗಿ ನೋಡಿದ್ರೆ ಅದು ಭೈರಪ್ಪಂದೇ ಅಂಗಡಿ! ಕೊಡೆ ಅಲ್ಲೇ ಬಿಸಾಕಿ ಹಿಂದ್ಗಡೆ ಗೋಡೆ ಹಾರಿದಾನೆ. ನನ್ನ ಹತ್ರ ಬಂದು, ಸ್ವಾಮಿ, ಕೊಡೆ ಕಳ್ದಿದೆ ಅಂತ ಹೇಳಿ, ಎಲ್ಲಿ ಕಳೀತು ಅಂತ ಮಾತ್ರ ಹೇಳ್ಬೇಡಿ ಅಂತ ಕೈ ಮುಗಿದ." ವಾಮನಮೂರ್ತಿ ಕುಂಟುತ್ತಾ ಮಹಡಿ ಹತ್ತಿದ್ದನ್ನು ಕೂತಲ್ಲೇ ಮಾಡಿ ತೋರಿಸಿದೆ.

ಸುಭದ್ರೆ ನಕ್ಕಳು. ಗಿರಣಿಯ ಗಂಟಲಿನಲ್ಲಿ, ಮಜ್ಜಿಗೆ ನೆತ್ತಿಗೆ ಹತ್ತುವಷ್ಟು ನಕ್ಕಳು. ಕಣ್ಣೊರೆಸಿಕೊಂಡು, "ಇದನ್ಯಾಕೆ ರೇಡಿಯೋದಲ್ಲಿ ಹೇಳ್ಲಿಲ್ಲ?" ಎಂದಳು.

"ರೇಡಿಯೋದಲ್ಲಿ ಇದನ್ನೆಲ್ಲ ಹೇಳಕ್ಕಾಗುತ್ತೇನೆ?"

"ಮತ್ತೆ ದಿನಾ ಹೇಳ್ತಿದ್ರಲ್ಲ! ಆ ಕರು ಹೋಗಿ ಮದುವೆ ಚಪ್ಪರ ಎಳ್ಕೊಂಡ್ಬಂದಿದ್ದು, ಕಣ್ಣು ಆಪರೇಷನ್ ಆದ ಮುದುಕಪ್ಪ ಮೊದಲು ಹೆಂಡ್ತಿ ಮುಖ ತೋರ್ಸಿ ಅಂದಿದ್ದು, ಅದೆಲ್ಲ?"

"ಅದೂ ರೇಡಿಯೋದಲ್ಲಿ..." ಎಂದು ಶುರು ಮಾಡಿದವನು ಅರ್ಧಕ್ಕೇ ನಿಂತೆ. ಕರು ಸಿಕ್ಕಿದೆ ಎಂದಷ್ಟೇ ರೇಡಿಯೋದಲ್ಲಿ ಹೇಳಿದ್ದು. ಮುದುಕಪ್ಪನವರು ಆಸ್ಪತ್ರೆಯಿಂದ ಮನೆಗೆ ಮರಳಿದ್ದಾರೆ ಎಂದಷ್ಟೇ ಹೇಳಿದ್ದು. ಚಪ್ಪರ, ಮುಖ, ಮಿಕ್ಕಿದ್ದೆಲ್ಲ ಇಲ್ಲಿ, ಈ ಎಲೆಯ ಮುಂದೆ ಬಂದದ್ದು. ನಾನು ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆಯ ತನಕ ನನಗೇ ಇದು ಗೊತ್ತಿರಲಿಲ್ಲ. ಕೇಂದ್ರದಲ್ಲಿ ಹೇಳಿದ್ದನ್ನೇ ಮನೆಯಲ್ಲಿ ಒಪ್ಪಿಸುತ್ತಿದ್ದೇನೆ ಎಂದು ನಂಬಿಕೊಂಡೇ ಇಷ್ಟು ಕಾಲ ಕಳೆದಿದ್ದೆ.

ಸುಭದ್ರೆ ನನ್ನ ಕಡೆ ತಿರುಗಿ ಕೂತಳು. ಕೈ ಒಣಗುತ್ತಿತ್ತು, ತೊಳೆಯಲು ಏಳಲಿಲ್ಲ. "ಅಂದ್ರೆ ಅದೆಲ್ಲ ಬರೀ ನನಗೆ ಹೇಳಿದ್ದು" ಎಂದಳು.

"ಹಾಗೇ ಅನ್ಸುತ್ತೆ."

"ಗಿರಣೀಲಿ ಅವರೆಲ್ಲ ಹೊಗಳುವಾಗ ನಾನು ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ? ಇವರಿಗೆಲ್ಲ ಸಿಗೋದು ನನಗಿಲ್ವಲ್ಲ ಅಂತ. ಪಾಪ, ಅವರಿಗೆ ಸಿಕ್ಕಿದ್ದು ಕರು ಸಿಕ್ತು, ಕೊಡೆ ಕಳೀತು ಅನ್ನೋದಷ್ಟೇ." ಅವಳ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. "ರೀ, ನನಗೆ ಇದು ಬೇಡ. ನೀವು ಪೇಟೆಗೆ ಹೋದ್ರೆ ದಿನಾ ನನಗೆ ಎಲ್ಲ ಮೊದ್ಲೇ ಕೇಳಿಬಿಟ್ಟಿರುತ್ತೆ. ಆಮೇಲೆ ನೀವು ಮನೆಗೆ ಬಂದು ಏನು ಹೇಳ್ತೀರಿ? ಹಪ್ಪಳ ಮುರೀತಾ ಕೂತ್ಕೋಬೇಕು."

ನನಗೂ ಅದೇ ಹೆದರಿಕೆಯಾಗಿತ್ತು. ನಾನು ಆಸೆಪಟ್ಟದ್ದೇನೋ ದೊಡ್ಡದು ಎಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದು ಮೊದಲೇ ಕೈಯಲ್ಲಿದೆ ಎಂದು ನನ್ನ ಮೊದ್ದು ತಲೆಗೆ ಹೊಳೆದಿರಲೇ ಇಲ್ಲ. ನಾನೂ ಅತ್ತೆ. ಇಬ್ಬರೂ ಎಂಜಲು ಕೈಯಲ್ಲೇ ಕೂತು ಅತ್ತು, ಆಮೇಲೆ ವಾಮನಮೂರ್ತಿ ನೆನಪಾಗಿ ಮತ್ತೆ ನಕ್ಕೆವು.

ಬೆಳಗ್ಗೆ ನಾನು ಕೇಂದ್ರಕ್ಕೆ ಹೊರಟರೆ ಸುಭದ್ರೆಯೂ ಹೊರಟಳು. "ನೀವೊಬ್ರೇ ಹೋದ್ರೆ ಅವರು ಎರಡು ಒಳ್ಳೇ ಮಾತಾಡ್ತಾರೆ, ನೀವು ಬೆಣ್ಣೆ ಥರ ಕರಗಿ ಹೂಂ ಅಂದ್ಬಿಡ್ತೀರಿ" ಎಂದಳು. ಅದೂ ನಿಜವೇ. ಮಹಡಿಯ ಮೇಲೆ ದೇವೀರಮ್ಮ ಬೀನ್ಸ್ ನಾರು ತೆಗೆಯುತ್ತಿದ್ದರು. ನಮ್ಮನ್ನು ಕಂಡದ್ದೇ, "ನಿನ್ನೆ ನಿನ್ನ ಮಾತು ಕೇಳ್ತಿದ್ರೆ ಯಾರದೋ ಮನೆ ಮದುವೇಲಿ ಊಟಕ್ಕೆ ಕೂತಂಗಿತ್ತು ಕಣಪ್ಪ. ಎಲ್ಲ ಬಡಿಸಿದ್ರು, ಯಾರೂ ಮಾತಾಡ್ಸಲಿಲ್ಲ" ಎಂದರು. ಕಟ್ಟೆಯ ಬೀದಿಗಳಲ್ಲೂ ಇದೇ ಮಾತಂತೆ. ಗುರುಶಾಂತಪ್ಪನವರು ನಮಗಿಂತ ಮೊದಲೇ ಬಂದು ಮೂಲೆಯ ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಕೆಂಪಗಿತ್ತು, ಸರಿಯಾಗಿ ನಿದ್ದೆ ಮಾಡಿದವರ ಹಾಗೆ ಕಾಣಲಿಲ್ಲ.

"ಯಜಮಾನ್ರೆ, ತಪ್ಪು ತಿಳ್ಕೋಬೇಡಿ. ನಾನು ಬರಲ್ಲ" ಎಂದೆ. ಹೇಗೆ ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡು ಬಂದ ನಯವಾದ ಮಾತೆಲ್ಲ ಮರೆತೇ ಹೋಗಿತ್ತು. ದೇವೀರಮ್ಮ ಒಂದು ಕ್ಷಣ ಕೈ ನಿಲ್ಲಿಸಿ, "ಹಂಗಾದ್ರೆ ಮಂಡಿಗೆ ಎಣ್ಣೆ ತಿಕ್ಕೋದೇ ಸೈ" ಎಂದು ಮತ್ತೆ ಬೀನ್ಸಿಗೆ ಕೈ ಹಾಕಿದರು. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ.

ಗುರುಶಾಂತಪ್ಪನವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಅಂಗೈ ನೋಡಿಕೊಳ್ಳುತ್ತಾ ಕೂತಿದ್ದರು. ಸುಭದ್ರೆ ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದು, ಏನೂ ಮುಚ್ಚಿಡದೆ, ಹಿಂದಿನ ರಾತ್ರಿಯ ಊಟದ ವಿಷಯವನ್ನೆಲ್ಲ ಹೇಳಿಬಿಟ್ಟಳು. ಕೊಡೆ, ಹಪ್ಪಳ, ನಾವಿಬ್ಬರೂ ಅತ್ತದ್ದು, ಎಲ್ಲ. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿಕೊಂಡೆ.

"ಒಪ್ಪಿಸೋದು" ಎಂದರು ಗುರುಶಾಂತಪ್ಪ. "ನಮ್ಮನೇಲೂ ಇತ್ತಮ್ಮ. ನಮ್ಮನೆಯವಳದು ಪೇಟೆ ಕಿವಿ. ರಾತ್ರಿ ಊಟಕ್ಕೆ ಕೂತ್ರೆ ನನ್ನ ಕೇಂದ್ರ ನನಗೆ ಒಪ್ಪಿಸೋಳು. ಅವಳ ಬಾಯಲ್ಲೇ ನಾನು ಪೇಟೆ ಬಾನುಲಿ ಕೇಳಿದ್ದು, ನನ್ನ ಕಿವೀಲಿ ಅಲ್ಲ. ಅವಳು ಹೋದ್ಮೇಲೆ ಆಫೀಸಿನೋರನ್ನ ಕೇಳ್ತೀನಿ. ಎಲ್ಲ ಚೆನ್ನಾಗಿದೆ ಯಜಮಾನ್ರೆ, ಎಲ್ಲ ಫಸ್ಟ್ ಕ್ಲಾಸ್ ಅಂತಾರೆ. ಚೆನ್ನಾಗಿದೆ ಅನ್ನೋದನ್ನ ತಗೊಂಡು ನಾನೇನ್ ಮಾಡ್ಲಿ? ಅದಕ್ಕೇ ಕಟ್ಟೆ ಕೊಂಡ್ಕೊಂಡು ಪೇಟೇದೇ ಹಾಕಿಸಿದ್ರೆ ನನ್ನ ಕಿವೀಲೇ ಕೇಳ್ಬೋದು, ಅವಳು ಹೇಳ್ತಿದ್ದಿದ್ದೆಲ್ಲ ಮತ್ತೆ ಸಿಗುತ್ತೆ ಅಂದ್ಕೊಂಡಿದ್ದೆ."

"ನಿನ್ನೆ ಕೇಳಿದ್ರಲ್ಲ" ಎಂದಳು ಸುಭದ್ರೆ, ಅವಳ ಮಟ್ಟಿಗೆ ತಗ್ಗಿದ ದನಿಯಲ್ಲಿ.

"ಕೇಳ್ದೆ. ಪೂರ್ತಿ ಕೇಳ್ದೆ. ಅದ್ರಲ್ಲಿ ಅವಳಿರ್ಲಿಲ್ಲ." ಅಷ್ಟು ಭಾರದ ಮನುಷ್ಯ ಆ ಬೆಂಚಿನ ಮೇಲೆ ಎಷ್ಟು ಚಿಕ್ಕದಾಗಿ ಕೂತಿದ್ದರೆಂದರೆ ನನಗೆ ಅವರ ಕಡೆ ನೋಡಲಾಗಲಿಲ್ಲ. ಊರಿನವರು ಹಲ್ಲು, ಕಡಲೆ ಎಂದು ಆಡಿಕೊಳ್ಳುವಾಗ ನಾನೂ ಜೊತೆಗೆ ನಕ್ಕವನೇ. ದೇವೀರಮ್ಮ ಎದ್ದು ಅವರಿಗೆ ನೀರು ತಂದುಕೊಟ್ಟರು. ಕುಡಿದು, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡು, "ಬರ್ತೀನಿ" ಎಂದು ಎದ್ದರು. ಎರಡು ಮೆಟ್ಟಿಲು ಇಳಿದಿರಬೇಕು, ಸುಭದ್ರೆ ಮೇಲಿನಿಂದ ಕೂಗಿದಳು.

"ಅಣ್ಣಾವ್ರೆ, ನಂದೂ ಪೇಟೆ ಕಿವೀನೇ. ಸಂಜೆ ಗಿರಣಿ ಕಡೆ ಬನ್ನಿ. ನಾನು ಒಪ್ಪಿಸ್ತೀನಿ. ಆದ್ರೆ ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅಂತೀನಿ, ಬೇಜಾರು ಮಾಡ್ಕೋಬಾರ್ದು."

ಅವರು ಕಂಬಿ ಹಿಡಿದುಕೊಂಡು ಇಳಿದು ಹೋದರು. ಎರಡು ದಿನ ಬರಲಿಲ್ಲ. ಅಷ್ಟು ದೊಡ್ಡ ಸಾಹುಕಾರರನ್ನು ಸುಭದ್ರೆ ಕಾಳು ಬೀಸಿಸಲು ಬಂದವರನ್ನು ಕರೆದ ಹಾಗೆ ಕೂಗಿ ಕರೆದದ್ದು ಅವರಿಗೆ ಅವಮಾನವಾಯಿತೇನೋ ಎಂದು ನಾನು ಪೇಚಾಡಿಕೊಂಡೆ. ಮೂರನೆಯ ಸಂಜೆ ನಾನು ನನ್ನ 'ದೀಪದ ಹೊತ್ತು' ಮುಗಿಸಿ, ಸುಭದ್ರೆಯನ್ನು ಕರೆದುಕೊಂಡು ಹೋಗೋಣವೆಂದು ಗಿರಣಿಗೆ ಹೋದರೆ ಗುರುಶಾಂತಪ್ಪನವರು ಅಲ್ಲಿ ಗೋಧಿ ಮೂಟೆಯ ಮೇಲೆ ಕೂತಿದ್ದರು. ಬಿಳಿಯ ಜುಬ್ಬಾ ಇನ್ನಷ್ಟು ಬಿಳಿಯಾಗಿತ್ತು. ಬರಿಗೈಯಲ್ಲಿ ಬರಬಾರದೆಂದೋ ಏನೋ, ಒಂದು ಪುಟ್ಟ ಚೀಲದಲ್ಲಿ ಬೀಸಿಸಲು ಜೋಳ ತಂದಿದ್ದರು. ಗಿರಣಿ ಓಡುತ್ತಿತ್ತು, ಸುಭದ್ರೆ ಜೋಳ ಸುರಿಯುತ್ತಾ ಅದರ ಮೇಲೆ ಕೂಗಿ ಕೂಗಿ ಒಪ್ಪಿಸುತ್ತಿದ್ದಳು.

"ಸುದ್ದಿ ಓದೋ ಹುಡುಗಿ ಪರವಾಗಿಲ್ಲ, ಉಸಿರು ಮಾತ್ರ ತಗೊಳಲ್ಲ. ನಾಟಕದಲ್ಲಿ ಆ ಅತ್ತೆ ಇವತ್ತೂ ಸಾಯ್ಲಿಲ್ಲ. ಮತ್ತೆ ಅಣ್ಣಾವ್ರೆ, ಆ ಸಂಜೆ ಭಾವಗೀತೆ ಹಾಡ್ತಾನಲ್ಲ, ನಿಮ್ಮ ದೊಡ್ಡ ಹಾಡುಗಾರ, ಅವನು ಮೂಗಲ್ಲೇ ಹಾಡ್ತಾನೆ ಕಣ್ರೀ. ನೆಗಡಿ ಬಂದ ಗೂಬೆ ಥರ. ಅವನನ್ನ ಮೊದ್ಲು ಬದಲಾಯ್ಸಿ!"

ನಾನು ಬಾಗಿಲಲ್ಲೇ ನಾಲಿಗೆ ಕಚ್ಚಿಕೊಂಡೆ. ಗುರುಶಾಂತಪ್ಪನವರ ಮುಖ ಅಲುಗಾಡಲಿಲ್ಲ. ಆಮೇಲೆ ಹೊಟ್ಟೆ ಅಲುಗಿತು, ಹೆಗಲು ಅಲುಗಿತು. ನಗುತ್ತಿದ್ದಾರೆ ಎಂದು ನಾನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಸುಭದ್ರೆ ಗಾಬರಿಯಾಗಿ ಗಿರಣಿ ನಿಲ್ಲಿಸಿದಳು. ಪಟ್ಟೆ ನಿಧಾನಕ್ಕೆ ಸುತ್ತಿ ಸುತ್ತಿ ನಿಂತಿತು.

"ಅವಳೂ ಇದನ್ನೇ ಅಂತಿದ್ಲು" ಎಂದರು ಅವರು, ಆ ನಿಶ್ಶಬ್ದದಲ್ಲಿ. "ಇದೇ ಮಾತು. ಮೂಗಲ್ಲಿ ಹಾಡ್ತಾನೆ ಅಂತ. ನಾನೇ, ನಿನಗೇನು ಗೊತ್ತಾಗುತ್ತೆ ಸುಮ್ನಿರೆ, ಅಂತ ಬೈದು ಬಾಯಿ ಮುಚ್ಚಿಸ್ತಿದ್ದೆ."

ಕೈ ತೆಗೆದಾಗ ಕೆನ್ನೆಯ ಮೇಲೆ ಹಿಟ್ಟು ನೆನೆದು ಗೆರೆಯಾಗಿತ್ತು. ಅವರು ಅದನ್ನು ಒರೆಸಿಕೊಳ್ಳದೆ ಮೂಟೆಯ ಮೇಲೆ ಇನ್ನಷ್ಟು ಸರಿದು, ಸರಿಯಾಗಿ ಕೂತು, "ಆಮೇಲೆ?" ಎಂದರು. "ಆಮೇಲೆ ಏನು ಬಂತಮ್ಮಾ, ಹೇಳು."